ಚೀಟಿ ಖಾಲಿ ಬಂದರೆ?

ಮೊನ್ನೆ ಮಂಗಳವಾರ ಮಧ್ಯಾಹ್ನ ನಾನು ಒಂದು ಖಾಲಿ ಕುರ್ಚಿಗೆ 'ಹೂಂ' ಅಂದೆ.

ಒಂದು ಸಲ ಅಲ್ಲ. ಕಾಲರ್ ಹೊಲಿಯುತ್ತ ಕೂತವನು ಎರಡು ಮೂರು ಸಲ ಅಂದಿರಬೇಕು. ಬ್ಲೌಸ್ ತೆಗೆದುಕೊಂಡು ಹೋಗಲು ಬಂದಿದ್ದ ಕೆಳಗಿನ ಮನೆಯ ಸೆಲ್ವಿಯವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

"ಮಾಸ್ಟರ್, ಯಾರ್ಕಿಟ್ಟ ಪೇಸ್ರೀಂಗ?" ಅಂದರು. ಯಾರ ಜೊತೆ ಮಾತು ಅಂತ.

"ರೇಡಿಯೋ ಕೇಳ್ತಿದ್ದೆ" ಅಂದೆ.

ಅವರು ರೇಡಿಯೋ ಕಡೆ ನೋಡಿದರು. ಅದು ಆಫ್ ಆಗಿತ್ತು. ಬ್ಲೌಸ್ ತೆಗೆದುಕೊಂಡು ಮೆಟ್ಟಿಲಿಳಿದರು. (ಸಂಜೆ ಒಂದು ಡಬ್ಬಿ ರಸಂ ಕಳಿಸಿದರು. ಒಂಟಿ ಗಂಡಸಿಗೆ ತಲೆ ಕೆಟ್ಟಿದೆ ಅನಿಸಿದರೆ ನಮ್ಮ ಬೀದಿಯಲ್ಲಿ ರಸಂ ಬರುತ್ತದೆ.)

ಆ ಕುರ್ಚಿ ನನ್ನ ತಂಗಿ ವನಜಾಳದು. ನೀಲಿ ಪ್ಲಾಸ್ಟಿಕ್ ಕುರ್ಚಿ, ಎಡಗೈ ಸೀಳಿದೆ. ನನ್ನ ಮೆಷಿನ್ನಿನ ಎದುರು, ಕಿಟಕಿಯ ಪಕ್ಕ. ಹದಿನಾಲ್ಕು ತಿಂಗಳಿಂದ ಅದರಲ್ಲಿ ಯಾರೂ ಕೂತಿಲ್ಲ. ಬಟ್ಟೆ ಇಡಲೂ ಮನಸ್ಸು ಬಂದಿಲ್ಲ.

ಈ ಅಂಕಣ ಓದುವವರಿಗೆ ನಾನು ಗೊತ್ತು. ವಡಪಳನಿಯಲ್ಲಿ ತಮಿಳು ಸಿನಿಮಾದವರಿಗೆ ಕಾಸ್ಟ್ಯೂಮ್ ಹೊಲಿಯುವವನು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ವಾರವಾರ ಶೂಟಿಂಗ್ ಬಟ್ಟೆಗಳ ತಮಾಷೆ ಬರೆದು ನಿಮ್ಮನ್ನು ನಗಿಸಲು ನೋಡುವವನು. ಈ ವಾರ ತಮಾಷೆ ಕಡಿಮೆ. ಒಂದು ತಪ್ಪು ಇದೆ. ಒಂದೇ. ಆದರೆ ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಮೊದಲು ವನಜಾಳ ಕೆಲಸ ಹೇಳಬೇಕು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಅಷ್ಟು ಸಾಕು.

ವೆಬ್‌ಸೈಟುಗಳು ತಮ್ಮ ಹೆಸರು, ವಿಳಾಸ, ಲೆಕ್ಕಪತ್ರ ಎಲ್ಲವನ್ನೂ ಇಡುವ ಜಾಗಕ್ಕೆ ಡೇಟಾಬೇಸ್ ಅನ್ನುತ್ತಾರೆ. ಅದರಲ್ಲಿ ನಾಲ್ಕು ಜಾತಿ. ಒಂದೊಂದಕ್ಕೆ ಒಂದೊಂದು ಗುಣ. ವೆಬ್‌ಸೈಟು ಕಟ್ಟುವವರು ನಾಲ್ಕರ ಗುಣವನ್ನೂ ಕಲಿಯುತ್ತ ಕೂರಲು ಆಗುತ್ತದೆಯೇ? ಅದಕ್ಕೆ ಒಂದು ಫ್ರೇಮ್‌ವರ್ಕ್. ಅವರು ಒಂದೇ ವಾಕ್ಯ ಬರೆದು ಕೊಡುತ್ತಾರೆ. ಫ್ರೇಮ್‌ವರ್ಕಿನ ಒಳಗಿರುವ ಕಂಪೈಲರ್ ಎಂಬ ಭಾಗ ಅದನ್ನು ಯಾವ ಡೇಟಾಬೇಸಿಗೆ ಹೇಗೆ ಬೇಕೋ ಹಾಗೆ ಕತ್ತರಿಸಿ ಹೊಲಿದು ಕೊಡುತ್ತದೆ.

ಇದು ನನಗೆ ಅರ್ಥವಾಗದೆ ಇರುತ್ತದೆಯೇ? ಹೀರೋಗೆ ಒಂದು ಶರ್ಟ್ ಹೊಲಿದರೆ ಅವನ ಬದಲು ಬೀಳುವ, ಒದೆ ತಿನ್ನುವ ಡ್ಯೂಪ್‌ಗೂ ಅದೇ ಶರ್ಟ್ ಹೊಲಿಯಬೇಕು. ಅದೇ ಬಟ್ಟೆ, ಅದೇ ಗುಂಡಿ, ಬೇರೆ ಮೈ. ತೆರೆಯ ಮೇಲೆ ಎರಡೂ ಒಂದೇ ಅನಿಸಬೇಕು. ವನಜಾ ಮಾಡುತ್ತಿದ್ದದ್ದೂ ಅದನ್ನೇ.

ಅದರಲ್ಲೂ ಅವಳ ಪಾಲಿಗೆ ಬರುತ್ತಿದ್ದದ್ದು ಕಷ್ಟದ ಭಾಗ. ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ. ಸಬ್‌ಕ್ವೆರಿ ಅನ್ನುತ್ತಾರಂತೆ. ಒಳಗಿನದಕ್ಕೆ ಉತ್ತರ ಸಿಕ್ಕ ಮೇಲೆ ಹೊರಗಿನದು. ಮೊದಲು ಲೈನಿಂಗ್, ಆಮೇಲೆ ಕೋಟು. ಈ ಒಳಗಿನ ಪ್ರಶ್ನೆಯ ವಿಷಯದಲ್ಲಿ ಮಾತ್ರ ನಾಲ್ಕು ಡೇಟಾಬೇಸಿಗೂ ನಾಲ್ಕು ಮುಖ. ಒಂದು, ಒಳಗಿನ ಪ್ರಶ್ನೆಗೆ ಹೆಸರು ಇಡದಿದ್ದರೆ ಮುಟ್ಟುವುದಿಲ್ಲ. ಇನ್ನೊಂದು, ಒಳಗಡೆ ಹೆಸರುಗಳನ್ನು ಸಾಲಾಗಿ ಜೋಡಿಸಿದರೆ ಸಿಟ್ಟಾಗುತ್ತದೆ. ಮೂರರಲ್ಲಿ ನಡೆದದ್ದು ನಾಲ್ಕನೆಯದರಲ್ಲಿ ನಡೆಯುವುದಿಲ್ಲ. ಆಗ ಯಾರೋ ಒಬ್ಬರು ಕೂತು ಅದೊಂದಕ್ಕೆ ಮಾತ್ರ ಬೇರೆ ಹೊಲಿಗೆ ಹಾಕಬೇಕು.

ಆ ಯಾರೋ ಒಬ್ಬರು ನನ್ನ ತಂಗಿ. ಆಫೀಸಿನ ಕೆಲಸ ಬೇರೆ ಇತ್ತು, ಮನೆಯಿಂದಲೇ. ಇದು ಅವಳು ಇಷ್ಟಪಟ್ಟು ಮಾಡುತ್ತಿದ್ದದ್ದು. ಆ ಫ್ರೇಮ್‌ವರ್ಕ್ ಯಾರೊಬ್ಬರ ಸ್ವತ್ತೂ ಅಲ್ಲವಂತೆ. ಯಾರು ಬೇಕಾದರೂ ಬಳಸಬಹುದು, ಕೆಟ್ಟರೆ ಯಾರು ಬೇಕಾದರೂ ರಿಪೇರಿ ಕಳಿಸಬಹುದು. ಆದರೆ ಆ ರಿಪೇರಿಯನ್ನು ಒಳಗೆ ಸೇರಿಸುವ ಅಧಿಕಾರ ಕೆಲವರಿಗೆ ಮಾತ್ರ. ವನಜಾ ಅದನ್ನು ಕೀಲಿ ಅನ್ನುತ್ತಿದ್ದಳು. ಆರು ವರ್ಷ ರಿಪೇರಿ ಕಳಿಸಿದ ಮೇಲೆ ಅವಳಿಗೂ ಕೀಲಿ ಕೊಡುವ ಮಾತು ನಡೆದಿತ್ತು.

ಇದರಲ್ಲಿ ನನ್ನ ಪಾತ್ರ ಏನು?

ಕೇಳುವುದು. ಅಷ್ಟೇ.

ಅವಳು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನಾಲ್ಕು ಗಂಟೆಗೆ ಎರಡು ಲೋಟ ಕಾಫಿ ಹಿಡಿದು ಬಂದು ನೀಲಿ ಕುರ್ಚಿಯಲ್ಲಿ ಕೂರುತ್ತಿದ್ದಳು. ನಾನು ಗುಂಡಿಗೆ ಕಾಜಾ ಹಾಕುತ್ತಲೋ ಪಟ್ಟಿ ಮಡಿಸುತ್ತಲೋ ಇರುತ್ತಿದ್ದೆ. ಅವಳು ಮೊದಲಿಂದ ಹೇಳುತ್ತ ಹೋಗುತ್ತಿದ್ದಳು. ರೂಲು ಒಂದೇ. ನನಗೆ ಅರ್ಥವಾಗದ ಕಡೆ 'ನಿಲ್ಲು' ಅನ್ನಬೇಕು. ಅಂದಮೇಲೆ ಅವಳು ನಿಲ್ಲಬೇಕು, ಬಿಡಿಸಿ ಹೇಳಬೇಕು. ಹಾಗೆ ಬಿಡಿಸುತ್ತ ಬಿಡಿಸುತ್ತ ಅರ್ಧದಲ್ಲಿ ಸುಮ್ಮನಾಗುತ್ತಿದ್ದಳು. "ಅಯ್ಯಯ್ಯೋ" ಅಂತ ಒಂದು ಮಾತು. ಆಮೇಲೆ ಕಾಫಿ ಬಿಟ್ಟು ಓಟ. ಅವಳಿಗೆ ತಪ್ಪು ಸಿಕ್ಕಿತು ಅಂತ ನನಗೆ ಗೊತ್ತಾಗುತ್ತಿತ್ತು. ನಾನು ಏನು ಮಾಡಿದೆ ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ.

ಒಂದು ಸಲ ರಿಪೇರಿಯ ಕೆಳಗೆ 'ಅಣ್ಣನಿಗೆ ಥ್ಯಾಂಕ್ಸ್' ಅಂತ ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು. ಮಾರನೇ ದಿನ ಅಲ್ಲಿಂದ ಯಾರೋ, ಅಣ್ಣ ಅಂದರೆ ಹೆಂಗಸಿನ ಹೆಸರು ಅಂದುಕೊಂಡು, ಅನ್ನಾ ಮೇಡಂ ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದಾರೆ, ನನ್ನ ವಂದನೆ ತಿಳಿಸಿ ಅಂತ ಬರೆದಿದ್ದರು. ಒಂದು ವಾರ ನನ್ನನ್ನು ಮೇಡಂ ಅಂತಲೇ ಕರೆದಳು.

ಇದಕ್ಕೆ ಪ್ರತಿಯಾಗಿ ಅವಳು ನನ್ನ ಅಂಕಣ ಕೇಳುತ್ತಾಳೆ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಓದಿದ್ದು ಇಂಗ್ಲಿಷ್ ಮೀಡಿಯಂ, ಎರಡನೇ ಭಾಷೆ ತಮಿಳು. ಕನ್ನಡ ಅವಳ ಕಿವಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಶನಿವಾರ ಪತ್ರಿಕೆ ಬಂದರೆ ಭಾನುವಾರ ನಾನು ಓದಿ ಹೇಳಬೇಕು. ಗೊತ್ತಿಲ್ಲದ ಪದ ಬಂದರೆ ಅವಳೂ 'ನಿಲ್ಲು' ಅನ್ನುತ್ತಾಳೆ, ಮುಂದಿನ ವಾರದಿಂದ ಅಂಥ ಪದ ನಾನು ಬಿಡುತ್ತೇನೆ. ನಿಮ್ಮ ಕೈಗೆ ಬರುವ ಈ ಬರಹ ಎಷ್ಟೋ ಸುಲಭವಾಗಿರುವುದಕ್ಕೆ ಅವಳ ನಿಲ್ಲುಗಳೇ ಕಾರಣ.

ಇನ್ನು ತಪ್ಪಿಗೆ ಬರುತ್ತೇನೆ. ಎಷ್ಟು ದೂರ ಸುತ್ತಿ ಬಂದೆ ನೋಡಿ.

ಒಂದು ದಿನ ಅವಳು ರೂಮಿನಲ್ಲಿ ವಿಡಿಯೋ ಕಾಲ್‌ನಲ್ಲಿದ್ದಳು. ಆವತ್ತು ಕಾಫಿ ನಾನು ಮಾಡಿದ್ದೆ. ಲೋಟ ಹಿಡಿದು ಬಾಗಿಲ ಹತ್ತಿರ ಹೋದೆ. ನನ್ನ ವಿಷಯವೇ ನಡೆಯುತ್ತಿತ್ತು. 'ಮೈ ಬ್ರದರ್' ಅಂದದ್ದು ಕೇಳಿಸಿತು. ಆಮೇಲೆ 'ಹಿ ಡಸಂಟ್ ನೋ ಎನಿಥಿಂಗ್' ಅಂದಳು. ನಕ್ಕಳು. ಆ ಕಡೆಯವರೂ ನಕ್ಕರು.

ಅವನಿಗೆ ಏನೂ ಗೊತ್ತಿಲ್ಲ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಈ ನಾಲ್ಕು ಪದ ತಿಳಿಯಲು ಎಷ್ಟು ಇಂಗ್ಲಿಷ್ ಬೇಕು? ಅದರ ಹಿಂದೆ ಏನಿತ್ತು, ಮುಂದೆ ಏನು ಹೇಳಿದಳು, ನಿಂತು ಕೇಳಲಿಲ್ಲ. ಲೋಟ ಅಲ್ಲೇ ಕಿಟಕಿ ಕಟ್ಟೆಯ ಮೇಲಿಟ್ಟು ಬಂದೆ.

ಸುಳ್ಳು ಹೇಳಿದ್ದರೆ ಜಗಳ ಆಡಬಹುದಿತ್ತು. ನಿಜಕ್ಕೆ ಏನು ಮಾಡುವುದು? ನಾನು ಸ್ಕೂಲು ಬಿಟ್ಟದ್ದು ಅವಳನ್ನು ಓದಿಸಲು ಅಂತ ನಮ್ಮ ನೆಂಟರೆಲ್ಲ ಹೇಳುತ್ತಾರೆ. ನಾನೂ ಅಲ್ಲ ಅಂದಿಲ್ಲ. ಅಸಲಿಗೆ ನನಗೆ ಗಣಿತ ಹತ್ತಲಿಲ್ಲ, ಶೂಟಿಂಗ್ ನೋಡುವ ಹುಚ್ಚು ಇತ್ತು, ಅಷ್ಟೇ. ಆದರೆ ಮೂವತ್ತು ವರ್ಷ ಒಂದೇ ಸುಳ್ಳು ಕೇಳಿದರೆ ನಮಗೇ ನಂಬಿಕೆ ಬಂದುಬಿಡುತ್ತದೆ. ನನ್ನಿಂದ ಓದಿದವಳು ನನ್ನನ್ನೇ ನೋಡಿ ನಕ್ಕಳು ಅನಿಸಿತು. ಎರಡು ದಿನ ಅದನ್ನೇ ಅಗಿದೆ.

ಮೂರನೇ ದಿನ ನಾಲ್ಕು ಗಂಟೆಗೆ ಅವಳು ಕಾಫಿ ಹಿಡಿದು ಬಂದಳು.

"ಅಣ್ಣಾ, ಕೇಳು. ಹೊರಗಿನ ವಾಕ್ಯ ಡಿಲೀಟ್. ಅಳಿಸು ಅಂತ. ಯಾರನ್ನ ಅಳಿಸಬೇಕು ಅಂತ ಒಳಗಿನ ಪ್ರಶ್ನೆ ಹೇಳತ್ತೆ. ಸರಿನಾ?"

"ಹೂಂ."

"ಮೂರು ಡೇಟಾಬೇಸ್ ಒಪ್ಕೊಳತ್ತೆ. ನಾಲ್ಕನೇದು ಮಾತ್ರ ಅಡಂ ಪುಡಿಕ್ಕುದು."

"ಹಠ ಅನ್ನು."

"ಹಠಾನೇ. ಯಾವ ಪುಸ್ತಕದಿಂದ ಅಳಿಸ್ತಾ ಇದೀಯೋ ಅದೇ ಪುಸ್ತಕಾನ ಒಳಗಡೆ ಓದೋಕೆ ಬಿಡಲ್ಲ ಅನ್ನತ್ತೆ. ಅದಕ್ಕೆ ಏನ್ ಮಾಡ್ದೆ ಗೊತ್ತಾ? ಅದೊಂದಕ್ಕೆ ಮಾತ್ರ ಕೆಲಸ ಎರಡಾಗಿ ಮಾಡ್ದೆ. ಮೊದ್ಲು ಒಳಗಿನ ಪ್ರಶ್ನೆನ ಬೇರೆಯಾಗಿ ಕೇಳೋದು. ಬಂದ ಹೆಸರುಗಳನ್ನ ಒಂದು ಚೀಟಿಲಿ ಬರ್ಕೊಳೋದು. ಅಪ್ಪುರಂ ಆ ಚೀಟಿ ನೋಡ್ಕೊಂಡು ಅಳಿಸೋದು. ಪುರಿಯುದಾ, ತಿಳೀತಾ?"

ಚೀಟಿ ಅಂದದ್ದೇ ತಡ, ನನ್ನ ಕೈಯ ಸೂಜಿ ನಿಂತಿತು.

ಯಾಕೆ ನಿಂತಿತು ಅಂತ ಹೇಳುತ್ತೇನೆ. ಇಪ್ಪತ್ತನಾಲ್ಕು ವಯಸ್ಸಿನಲ್ಲಿ ನಾನೊಂದು ಫೈಟ್ ಸೀನಿಗೆ ಕಾಸ್ಟ್ಯೂಮ್ ನೋಡಿಕೊಳ್ಳುತ್ತಿದ್ದೆ. ಹೊಡೆತ ತಿಂದವರ ಶರ್ಟನ್ನು ಶೂಟಿಂಗಿಗೆ ಮೊದಲೇ ಹರಿದು, ಮಸಿ ಬಳಿದು ಇಡಬೇಕು. ಯಾರ ಯಾರ ಶರ್ಟ್ ಅಂತ ಡೈರೆಕ್ಟರ್ ಕಡೆಯಿಂದ ಚೀಟಿ ಬರುತ್ತದೆ. ಆ ದಿನವೂ ಬಂತು. 'ಕೆಳಗಿನವರ ಶರ್ಟ್ ಹರಿಯುವುದು' ಅಂತ ಇತ್ತು. ಕೆಳಗೆ ಯಾರ ಹೆಸರೂ ಇರಲಿಲ್ಲ. ಯಾರ ಹೆಸರೂ ಇಲ್ಲ ಅಂದರೆ ಎಲ್ಲರದೂ ಅಂತ ತಿಳಿದೆ. ಇಪ್ಪತ್ತೆರಡು ಶರ್ಟ್. ಎಲ್ಲವನ್ನೂ ಹರಿದೆ. ಮಸಿಯನ್ನೂ ಬಹಳ ಕಲಾತ್ಮಕವಾಗಿ ಬಳಿದೆ.

ಆವತ್ತು ಫೈಟೇ ಇರಲಿಲ್ಲ. ಫೈಟಿಗೆ ಮುಂಚಿನ ಸೀನು. ಇಪ್ಪತ್ತೆರಡು ಜನ ಇಸ್ತ್ರಿ ಶರ್ಟಿನಲ್ಲಿ ಮದುವೆ ಊಟಕ್ಕೆ ಕೂರಬೇಕಿತ್ತು. ಶೂಟಿಂಗ್ ನಿಂತಿತು. ನಮ್ಮ ಹಿರಿಯ ಕಾಸ್ಟ್ಯೂಮರ್ ಬಂದು ಶರ್ಟುಗಳ ರಾಶಿ ನೋಡಿದರು. ಬೈಯಲಿಲ್ಲ. ಒಂದೇ ಮಾತು ಕೇಳಿದರು.

"ಪೇರ್ ಇಲ್ಲೇನ್ನಾ ಎಲ್ಲಾರುಮಾ?"

ಹೆಸರಿಲ್ಲ ಅಂದರೆ ಎಲ್ಲರೂ ಅಂತಲಾ? ಇಪ್ಪತ್ತೇಳು ವರ್ಷವಾಯಿತು. ಇವತ್ತಿಗೂ ಯಾರಾದರೂ ಚೀಟಿ ಕೊಟ್ಟರೆ ಮೊದಲು ಹೆಸರಿದೆಯೇ ನೋಡುತ್ತೇನೆ.

ವನಜಾ ಚೀಟಿ ಅಂದಾಗ ಅದೇ ಪ್ರಶ್ನೆ ನನ್ನ ನಾಲಿಗೆ ತುದಿಗೆ ಬಂತು. ಚೀಟಿ ಖಾಲಿ ಬಂದರೆ ಆ ಡೇಟಾಬೇಸ್ ಏನು ಮಾಡುತ್ತೆ? ಸುಮ್ಮನಿರುತ್ತದಾ, ಇಲ್ಲ ನನ್ನ ಹಾಗೆ ಎಲ್ಲವನ್ನೂ ಹರಿಯುತ್ತದಾ?

ಬಾಯಿ ತೆರೆದೆ. ಆ ನಗು ನೆನಪಾಯಿತು. ಬಾಯಿ ಮುಚ್ಚಿದೆ.

"ಎಲ್ಲಾದ್ರೂ ನಿಲ್ಲಿಸ್ತೀಯಾ?" ಅಂದಳು.

"ಇಲ್ಲ. ಸರಿಯಾಗಿದೆ."

"ನಿಜವಾ? ಇವತ್ತು ಒಂದ್ಸಲಾನೂ ನಿಲ್ಲು ಅನ್ಲಿಲ್ಲ ನೀನು."

"ನನಗೇನು ಗೊತ್ತಾಗತ್ತೆ?" ಅಂದೆ.

ಅವಳು ತಮಾಷೆ ಅಂದುಕೊಂಡು ನಕ್ಕಳು. "ಮೇಡಂಗೇ ಗೊತ್ತಾಗದೆ ಇರುತ್ತಾ" ಅಂದು ಎರಡೂ ಲೋಟ ತೆಗೆದುಕೊಂಡು ಒಳಗೆ ಹೋದಳು. ರಿಪೇರಿ ಆ ಸಂಜೆಯೇ ಹೋಯಿತು.

ಅಲ್ಲಿ ಇನ್ನೂ ಮೂವರು ಅದನ್ನು ನೋಡಿ ಒಪ್ಪಿದರಂತೆ. ಅವರಿಗೂ ಹೊಳೆಯಲಿಲ್ಲ. ಸರಿ, ಅವರು ಖಾಲಿ ಚೀಟಿ ನೋಡಿ ಶರ್ಟ್ ಹರಿದವರಲ್ಲ. ನಾನು ಹರಿದವನು.

ಐದು ವಾರದ ಮೇಲೆ ದೂರದ ಯಾವುದೋ ಊರಿನ ಒಂದು ಸಣ್ಣ ಲೈಬ್ರರಿಯಿಂದ ಪತ್ರ ಬಂತು. ಅವರ ಡೇಟಾಬೇಸ್ ಆ ಹಠಮಾರಿ ನಾಲ್ಕನೆಯದು. ತಿಂಗಳಿಗೊಮ್ಮೆ, ನಮ್ಮ ಹೆಸರು ತೆಗೆಯಿರಿ ಅಂತ ಕೇಳಿಕೊಂಡ ಸದಸ್ಯರನ್ನು ಅಳಿಸುವ ಕೆಲಸ ತಾನಾಗಿ ನಡೆಯುತ್ತಿತ್ತು. ಆ ತಿಂಗಳು ಯಾರೂ ಕೇಳಿಕೊಂಡಿರಲಿಲ್ಲ. ಚೀಟಿ ಖಾಲಿ. 'ಚೀಟಿಯಲ್ಲಿ ಇರುವವರನ್ನು' ಎಂಬ ಷರತ್ತೇ ಬಿದ್ದುಹೋಗಿ, 'ಅಳಿಸು' ಅನ್ನುವುದು ಮಾತ್ರ ಉಳಿಯಿತು. ಇಡೀ ಊರಿನ ಹೆಸರು ಹೋಯಿತು.

ಹಿಂದಿನ ದಿನದ ಪ್ರತಿ ಇತ್ತು, ಹಾಗಾಗಿ ಹೆಚ್ಚು ಕಮ್ಮಿ ಎಲ್ಲ ವಾಪಸ್ ಸಿಕ್ಕಿತು. ಆ ಲೈಬ್ರರಿಯ ಹೆಂಗಸು ಕೋಪದಿಂದ ಬರೆದಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ವಾಸಿಯಿತ್ತು. ವನಜಾ ನನಗೆ ಅದನ್ನು ಕನ್ನಡದಲ್ಲಿ ಹೇಳಿದಳು. "ಈ ತಿಂಗಳು ಯಾರೂ ನಮ್ಮನ್ನ ಬಿಟ್ಟು ಹೋಗ್ತೀವಿ ಅನ್ಲಿಲ್ಲ. ಅದಕ್ಕೇ ಎಲ್ಲರೂ ಹೋದ್ರು, ಅಂತ ಬರೆದಿದಾರೆ ಅಣ್ಣಾ."

ಚೀಟಿ ಖಾಲಿ ಇದ್ದರೆ ಏನೂ ಮಾಡಬೇಡ ಅನ್ನುವ ಒಂದು ಸಾಲು ಸೇರಿಸಿ ಒಂದು ಗಂಟೆಯಲ್ಲಿ ಸರಿಮಾಡಿದಳು. ಕೀಲಿಯ ಮಾತು ಆ ತಿಂಗಳೇ ತೀರ್ಮಾನ ಆಗಬೇಕಿತ್ತು. ನನ್ನ ಹೆಸರು ತೆಗೆಯಿರಿ ಅಂತ ತಾನೇ ಬರೆದಳು.

ಆಮೇಲೆ ಬಂದು ನೀಲಿ ಕುರ್ಚಿಯಲ್ಲಿ ಕೂತಳು. ಕಾಫಿ ಇರಲಿಲ್ಲ.

"ಇಷ್ಟು ಸಣ್ಣ ಪ್ರಶ್ನೆ ಯಾಕೆ ಹೊಳೀಲಿಲ್ಲ ನನಗೆ? ನಿನಗೆ ಹೇಳುವಾಗಲೂ ಹೊಳೀಲಿಲ್ವಲ್ಲ."

ನಾನು ಏನು ಅಂದೆ ಅಂತ ನೀವೇ ಊಹಿಸಿರುತ್ತೀರಿ. 'ಹೂಂ' ಅಂದೆ.

ಅದಾಗಿ ಎರಡು ತಿಂಗಳಿಗೆ, ಇನ್ನು ಆಫೀಸಿಗೇ ಹೋಗಬೇಕು, ಹತ್ತಿರವಾಗುತ್ತದೆ ಅಂತ ಕೀಲ್ಪಾಕಿನಲ್ಲಿ ಒಂದು ಸಣ್ಣ ಮನೆ ಹಿಡಿದಳು. ಜಗಳ ಇಲ್ಲ, ಮುನಿಸಿಲ್ಲ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಆದರೆ ಕೆಲಸದ ಮಾತು ನಿಂತಿತು. ನಾನಾಗಿ ಕೇಳಿದರೆ "ನಿನಗ್ಯಾಕೆ ತಲೆನೋವು, ವಿಡಣ್ಣಾ" ಅನ್ನುತ್ತಾಳೆ. ಬಿಡಣ್ಣಾ ಅಂತ. ನನ್ನ ಅಂಕಣ ಮಾತ್ರ ಬಿಟ್ಟಿಲ್ಲ. ಭಾನುವಾರ ಹನ್ನೊಂದಕ್ಕೆ ಫೋನು.

ನಾಲ್ಕು ಗಂಟೆಗೆ ನಾನು ಒಂದೇ ಲೋಟ ಕಾಫಿ ಮಾಡುತ್ತೇನೆ. ಇಷ್ಟು ದಿನವಾದರೂ ಅಳತೆ ಕೈಗೆ ಸಿಕ್ಕಿಲ್ಲ. ಹಾಲು ಉಳಿದೇ ಉಳಿಯುತ್ತದೆ. ಮೆಷಿನ್ ತುಳಿಯುತ್ತಿರುವಾಗ ಪರವಾಗಿಲ್ಲ, ಸದ್ದಿರುತ್ತದೆ. ಕೈಹೊಲಿಗೆ ಇದ್ದ ದಿನ ಕಷ್ಟ. ಕೇಳುವುದೊಂದೇ ನನಗೆ ಬರುತ್ತಿದ್ದ ವಿದ್ಯೆ ಅಂತ ಈಗ ಗೊತ್ತಾಗಿದೆ. ಹೇಳುವವರಿಲ್ಲದ ಮನೆಯಲ್ಲಿ ಆ ವಿದ್ಯೆ ಇಟ್ಟುಕೊಂಡು ಏನು ಮಾಡುವುದು? ಕುರ್ಚಿಗೆ ಹೂಂ ಅನ್ನುವುದು.

ಮೊನ್ನೆ ಭಾನುವಾರ ಅಪರೂಪಕ್ಕೆ ಊಟಕ್ಕೆ ಬಂದಿದ್ದಳು. ಕುರ್ಚಿಯಲ್ಲಿ ಕೂರಲಿಲ್ಲ, ನೆಲದ ಮೇಲೆ ಕೂತಳು. ಅನ್ನ ಕಲಸುತ್ತ ಹೇಳಿದಳು.

"ಮತ್ತೆ ಕೇಳಿದಾರೆ ಅಣ್ಣಾ. ಕೀಲಿ ತಗೋತೀಯಾ ಅಂತ. ಮುಂದಿನ ಸೋಮವಾರದೊಳಗೆ ಹೇಳ್ಬೇಕು."

"ಏನಂತೀಯ?"

"ವೇಂಡಾಂ ಅಂತ ಬರೀತೀನಿ."

"ಯಾಕೆ ಬೇಡ?"

"ನನ್ನ ತಲೆ ಮೇಲೆ ನನಗೇ ನಂಬಿಕೆ ಇಲ್ಲ. ಮುಂಚೆ ನಿನ್ ಹತ್ರ ಹೇಳಿದ್ರೆ ತಪ್ಪು ಅದಾಗದೇ ಹೊರಗೆ ಬರ್ತಿತ್ತು. ಆವತ್ತು ಬರಲಿಲ್ಲ. ಏನೋ ಹೋಗ್ಬಿಟ್ಟಿದೆ ಒಳಗೆ. ಖಾಲಿ ಇದ್ರೆ ಏನು ಅಂತ ಯಾರಾದ್ರೂ ಒಬ್ಬರು ಕೇಳಿದ್ರೆ ಸಾಕಿತ್ತು. ಯಾರಿಗೂ ಹೊಳೀಲಿಲ್ಲ."

ಯಾರಿಗೂ.

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುತ್ತಿತ್ತೇ? ಅವಳೇ ಬಾಗಿಲು ತೆಗೆದು ನಿಂತಿದ್ದಳು. ಅವಳ ತಲೆಗೆ ಏನೂ ಆಗಿಲ್ಲ, ಅವಳ ವಿಧಾನಕ್ಕೂ ಏನೂ ಆಗಿಲ್ಲ, ಕೆಟ್ಟಿದ್ದು ಎದುರು ಕೂತು ಕೇಳುತ್ತಿದ್ದವನು ಅಂತ ಒಂದು ವಾಕ್ಯ ಹೇಳಬೇಕಿತ್ತು. ಬಾಯಿ ತೆರೆದೆ.

"ಮೊಸರು ಹಾಕಲಾ?" ಅಂದೆ.

"ಸ್ವಲ್ಪ" ಅಂದಳು.

ಕೆಟ್ಟದ್ದು ಮಾಡಿದವನನ್ನು ಹಿಡಿಯಬಹುದು. ಸುಮ್ಮನಿದ್ದವನನ್ನು ಹೇಗೆ ಹಿಡಿಯುತ್ತೀರಿ? ಆ ಫ್ರೇಮ್‌ವರ್ಕಿನಲ್ಲಿ ಪ್ರತಿಯೊಂದು ಸಾಲನ್ನೂ ಯಾರು ಬರೆದರು, ಯಾವತ್ತು ಬರೆದರು, ಯಾರು ಒಪ್ಪಿದರು, ಎಲ್ಲದಕ್ಕೂ ದಾಖಲೆ ಇರುತ್ತದಂತೆ. ಅಲ್ಲಿ ಅವಳ ಹೆಸರಿದೆ. ಆ ಮೂವರ ಹೆಸರಿದೆ. ಕೇಳದೆ ನುಂಗಿದ ಪ್ರಶ್ನೆಗೆ ಅಲ್ಲಿ ಯಾವ ಕಾಲಂ ಇದೆ? ಮನೆಮನೆಯಲ್ಲೂ ಹೀಗೆ ನುಂಗಿದವು ಎಷ್ಟಿವೆಯೋ. ಗಂಡ ಕಾರನ್ನು ತಪ್ಪು ರಸ್ತೆಗೆ ತಿರುಗಿಸಿದ್ದು ಕಾಣುತ್ತದೆ, ಬೆಳಿಗ್ಗೆ ಅವನು ಒರಟಾಗಿ ಮಾತಾಡಿದ್ದು ನೆನಪಾಗಿ ಹೆಂಡತಿ ಸುಮ್ಮನೆ ಕಿಟಕಿಯಾಚೆ ನೋಡುತ್ತಾಳೆ. ಸಾಹೇಬರ ಲೆಟರಿನಲ್ಲಿ ತಾರೀಕು ತಪ್ಪಿರುವುದು ಕಾಣುತ್ತದೆ, ಹಾಗೇ ಕವರಿಗೆ ಹಾಕುತ್ತೇವೆ. ಯಾರಿಗೂ ಗೊತ್ತಾಗುವುದಿಲ್ಲ. ಅದೇ ಅದರ ರುಚಿ. ಅದೇ ಆಮೇಲೆ ಗಂಟಲಲ್ಲಿ ನಿಲ್ಲುವುದು ಕೂಡ.

ಅವನಿಗೆ ಏನೂ ಗೊತ್ತಿಲ್ಲ ಅಂದಿದ್ದಳು. ಗೊತ್ತಿಲ್ಲದವನಾಗಿ ಇದ್ದಷ್ಟು ದಿನ ನಾನು ಅವಳ ಕೆಲಸಕ್ಕೆ ಬಂದೆ. ಗೊತ್ತಿದ್ದ ಒಂದೇ ಒಂದು ದಿನ ಕೈಕೊಟ್ಟೆ.

ಇದನ್ನು ಗುರುವಾರ ಬರೆಯುತ್ತಿದ್ದೇನೆ. ಶನಿವಾರ ನಿಮ್ಮ ಕೈಗೆ ಬರುತ್ತದೆ. ಅವಳಿಗೆ ಓದಲು ಬಾರದ ಲಿಪಿಯಲ್ಲಿ ತಪ್ಪೊಪ್ಪಿಕೊಳ್ಳುವುದು ಎಷ್ಟು ಸುಲಭ, ನೋಡಿ. ಇದೂ ಒಂದು ಬಗೆಯ ಹೂಂ ಅಲ್ಲವೇ?

ಭಾನುವಾರ ಹನ್ನೊಂದಕ್ಕೆ ಫೋನು ಬರುತ್ತದೆ. "ಈ ವಾರ ಏನ್ ಬರ್ದೆ ಅಣ್ಣಾ, ಓದು" ಅನ್ನುತ್ತಾಳೆ. ಕೀಲಿಯ ಬಗ್ಗೆ ಅವಳು ಉತ್ತರ ಕಳಿಸಲು ಆಗ ಇನ್ನೂ ಒಂದು ದಿನ ಇರುತ್ತದೆ. (ಇದರ ಬದಲು ಓದಲು ಫೋನಿನ ಪಕ್ಕ ಹಳೆಯ ಅಂಕಣ ಒಂದನ್ನು ಎತ್ತಿಟ್ಟುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಈಗ ತಾನೇ ಅದನ್ನು ಹರಿದು, ಅಳತೆಗೆ ಪೇಪರ್ ಕಟಿಂಗ್ ಮಾಡಿದೆ.) ಖಾಲಿ ಕುರ್ಚಿಯಿಂದ ಶುರುಮಾಡಿ ಇದನ್ನೇ ಓದುತ್ತೇನೆ.

ಯಾವ ಸಾಲಿನಲ್ಲಿ ಅವಳು 'ನಿಲ್ಲು' ಅನ್ನುತ್ತಾಳೆ?